ಗ್ರಾಫೀನ್ ಮೇಲಿನ ಪ್ಲಾಟಿನಂ-ರುಥೇನಿಯಂ ಕ್ಯಾಟಲಿಸ್ಟ್: ವಲ್ಕನ್ ಕಾರ್ಬನ್‌ಗಿಂತ ಹಿಂದೆ ಬೀಳುತ್ತಿರುವುದು ಯಾಕೆ?

ಇಂಗಾಲದ ಹಾಳೆ ಕೇಳಿದ್ದು:

ನೇರ ಮೆಥನಾಲ್ ಇಂಧನ ಕೋಶದ ಆನೋಡ್‌ಗೆ (ಮೆಥನಾಲ್ ಆಕ್ಸಿಡೈಸ್ ಆಗುವ ಎಲೆಕ್ಟ್ರೋಡ್) ರೆಡ್ಯೂಸ್ಡ್ ಗ್ರಾಫೀನ್ ಆಕ್ಸೈಡ್ (ಆಮ್ಲಜನಕ ತೆಗೆದ ಗ್ರಾಫೀನ್ ಆಕ್ಸೈಡ್) ಮೇಲೆ ಪ್ಲಾಟಿನಂ-ರುಥೇನಿಯಂ ಕೂರಿಸುತ್ತಿದ್ದೇನೆ. ಗುರಿ: ತೂಕದಲ್ಲಿ 20% ಪ್ಲಾಟಿನಂ, 10% ರುಥೇನಿಯಂ, ಅಂದರೆ ಪರಮಾಣು ಲೆಕ್ಕದಲ್ಲಿ ಸುಮಾರು 1:1. ಮಾಡಿದ ವಿಧಾನ ಪೂರ್ತಿ ಬರೆಯುತ್ತೇನೆ, ಎಲ್ಲಿ ತಪ್ಪಿದೆ ನೋಡಿ ಹೇಳಿ.

ಗ್ರಾಫೀನ್ ಆಕ್ಸೈಡ್ ತಯಾರಿಕೆಗೆ 2010ರ ಸುಧಾರಿತ ಹಮ್ಮರ್ಸ್ ವಿಧಾನ: 3 ಗ್ರಾಂ ಗ್ರಾಫೈಟ್, 360 ಮಿ.ಲೀ ಸಲ್ಫ್ಯೂರಿಕ್ ಆಮ್ಲ, 40 ಮಿ.ಲೀ ಫಾಸ್ಫಾರಿಕ್ ಆಮ್ಲ, 18 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್, 50 ಡಿಗ್ರಿಯಲ್ಲಿ 12 ಗಂಟೆ. 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೂರು ಸಲ, ಆಮೇಲೆ ನೀರಿನಲ್ಲಿ ತೊಳೆದು ಒಣಗಿಸಿದೆ. ಅದರಲ್ಲಿ 70 ಮಿ.ಗ್ರಾಂ ತೂಗಿ 100 ಮಿ.ಲೀ ಎಥಿಲೀನ್ ಗ್ಲೈಕಾಲ್‌ನಲ್ಲಿ ಸೋನಿಕೇಟ್ ಮಾಡಿ, 53 ಮಿ.ಗ್ರಾಂ ಕ್ಲೋರೋಪ್ಲಾಟಿನಿಕ್ ಆಮ್ಲ (ಆರು ನೀರಿನದು), 27 ಮಿ.ಗ್ರಾಂ ರುಥೇನಿಯಂ ಕ್ಲೋರೈಡ್ (ಮೂರು ನೀರಿನದು) ಸೇರಿಸಿದೆ. ಕಾಸ್ಟಿಕ್ ಸೋಡಾದಿಂದ ಪಿಎಚ್ 11, ನೈಟ್ರೋಜನ್ ಕೆಳಗೆ 160 ಡಿಗ್ರಿಯಲ್ಲಿ 3 ಗಂಟೆ. ತಣ್ಣಗಾದ ಮೇಲೆ ನೇರವಾಗಿ ಸೋಸಿದೆ. ಸೋಸಿದ ದ್ರವಕ್ಕೆ ತಿಳಿ ಕಂದು ಬಣ್ಣವಿತ್ತು. 80 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಒರಳಿನಲ್ಲಿ ಅರೆದು ಪುಡಿ ಮಾಡಿದೆ.

ಫಲಿತಾಂಶ: ಗಾಳಿಯಲ್ಲಿ 700 ಡಿಗ್ರಿವರೆಗೆ ಟಿಜಿಎ (ಕಾಯಿಸುತ್ತಾ ತೂಕ ಅಳೆಯುವ ಪರೀಕ್ಷೆ) ಮಾಡಿದರೆ 46% ಉಳಿಯುತ್ತದೆ. 30 ಬರಬೇಕಿತ್ತಲ್ಲ? ಪರ್ಮಾಂಗನೇಟ್‌ನ ಮ್ಯಾಂಗನೀಸ್ ಉಳಿದುಕೊಂಡಿದೆಯೇ? ಎಕ್ಸ್‌ಆರ್‌ಡಿಯ (ಎಕ್ಸ್-ಕಿರಣ ವಿವರ್ತನೆ) 220 ಶಿಖರದಿಂದ ಕಣದ ಗಾತ್ರ 3.1 ನ್ಯಾನೋಮೀಟರ್, ಆದರೆ ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ 15-20 ನ್ಯಾನೋಮೀಟರ್ ಗುಂಪುಗಳು ಕಾಣುತ್ತವೆ. 26 ಡಿಗ್ರಿ ಹತ್ತಿರ ಸಾಕಷ್ಟು ಚೂಪಾದ ಶಿಖರವೂ ಇದೆ.

5 ಮಿ.ಮೀ ಗ್ಲಾಸಿ ಕಾರ್ಬನ್ ಮೇಲೆ ಮಿ.ಲೀ.ಗೆ 2 ಮಿ.ಗ್ರಾಂ ಇಂಕ್, 10 ಮೈಕ್ರೋಲೀಟರ್. 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲ, 1 ಮೋಲಾರ್ ಮೆಥನಾಲ್. ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್, ಮೈನಸ್ 0.2ರಿಂದ 1.0 ವೋಲ್ಟ್, ಸೆಕೆಂಡಿಗೆ 50 ಮಿಲಿವೋಲ್ಟ್, ಮೊದಲು ಮೆಥನಾಲ್ ಇಲ್ಲದೆ 50 ಸುತ್ತು ಆಕ್ಟಿವೇಶನ್. ಹೈಡ್ರೋಜನ್ ಪ್ರದೇಶದಿಂದ ಲೆಕ್ಕ ಹಾಕಿದ ಸಕ್ರಿಯ ಮೇಲ್ಮೈ ಗ್ರಾಂಗೆ 31 ಚದರ ಮೀಟರ್. ಶಿಖರ ಕರೆಂಟ್ ಪ್ಲಾಟಿನಂ ಗ್ರಾಂಗೆ 210 ಆಂಪಿಯರ್; ವಲ್ಕನ್ (ಮಸಿಯಂಥ ಕಾರ್ಬನ್ ಪುಡಿ) ಮೇಲೆ ಕೂರಿಸಿದ ಅಂಗಡಿಯ ಕ್ಯಾಟಲಿಸ್ಟ್ 340 ಕೊಡುತ್ತದೆ. ಆದರೆ ಮುಂದಿನ (ವೋಲ್ಟೇಜ್ ಏರುವಾಗಿನ) ಮತ್ತು ಹಿಂದಿನ (ಇಳಿಯುವಾಗಿನ) ಶಿಖರಗಳ ಅನುಪಾತ ನನ್ನದು 1.4, ಅಂಗಡಿಯದು 1.1. ಕಾರ್ಬನ್ ಮಾನಾಕ್ಸೈಡ್ ವಿಷವನ್ನು ನನ್ನದೇ ಚೆನ್ನಾಗಿ ತಡೆದುಕೊಳ್ಳುತ್ತದೆ ಅಂತಾದರೆ ಕರೆಂಟ್ ಯಾಕೆ ಕಡಿಮೆ?


ತಕ್ಕಡಿ ಉತ್ತರಿಸಿದ್ದು:

ಮ್ಯಾಂಗನೀಸ್ ಮೇಲೆ ಅನುಮಾನ ಪಡುವ ಮೊದಲು ನಿಮ್ಮ 46%ನ ಲೆಕ್ಕ ಹಾಕೋಣ. ಅದರಲ್ಲೇ ಅರ್ಧ ಉತ್ತರ ಕೂತಿದೆ.

ಗಾಳಿಯಲ್ಲಿ ಸುಟ್ಟಾಗ ಪ್ಲಾಟಿನಂ ಲೋಹವಾಗಿಯೇ ಉಳಿಯುತ್ತೆ, ರುಥೇನಿಯಂ ಹಾಗಲ್ಲ. ಅದು ಡೈಆಕ್ಸೈಡ್ ಆಗುತ್ತೆ: 101.07 ಇದ್ದ ತೂಕ 133.07ಕ್ಕೆ ಏರುತ್ತೆ. ನೀವು ಹಾಕಿದ್ದು 20 ಮಿ.ಗ್ರಾಂ ಪ್ಲಾಟಿನಂ, 10.4 ಮಿ.ಗ್ರಾಂ ರುಥೇನಿಯಂ. ಸುಟ್ಟ ಮೇಲೆ 20 ಕೂಡಿಸು 13.7, ಒಟ್ಟು 33.7 ಮಿ.ಗ್ರಾಂ. ಹಾಗಾಗಿ ಎಲ್ಲ ಸರಿಯಿದ್ದರೂ ನಿಮಗೆ ಬರಬೇಕಿದ್ದದ್ದು 30 ಅಲ್ಲ, 33-34%.

ಈಗ 33.7 ಅನ್ನುವುದು 46% ಆಗಬೇಕಾದರೆ ಒಟ್ಟು ಕ್ಯಾಟಲಿಸ್ಟ್ 73 ಮಿ.ಗ್ರಾಂ ಇರಬೇಕು. ಅದರಲ್ಲಿ ಲೋಹ 30.4 ಕಳೆದರೆ ಕಾರ್ಬನ್ 42.6 ಮಿ.ಗ್ರಾಂ. ನೀವು ತೂಗಿದ್ದು 70. ಉಳಿದ 27 ಎಲ್ಲಿ ಹೋಯಿತು? ಗ್ರಾಫೀನ್ ಆಕ್ಸೈಡ್‌ನ ತೂಕದಲ್ಲಿ ದೊಡ್ಡ ಪಾಲು ಆಮ್ಲಜನಕದ ಗುಂಪುಗಳು, ಜೊತೆಗೆ ಪದರಗಳ ನಡುವೆ ಹಿಡಿದಿಟ್ಟುಕೊಂಡ ನೀರು. ಗ್ಲೈಕಾಲ್‌ನಲ್ಲಿ ಕಾಯಿಸಿದಾಗ ಅವು ಹೊರಟುಹೋಗುತ್ತವೆ. ನಿಮ್ಮ ಬ್ಯಾಚ್‌ನಲ್ಲಿ 61% ಮಾತ್ರ ಉಳಿದಿದೆ. ಇದು ತೀರಾ ಸಾಮಾನ್ಯ ಅಂಕಿ. ಸೋಸಿದ ದ್ರವದಲ್ಲಿ ಸ್ವಲ್ಪ ಲೋಹ ಹೋಗಿರಬಹುದು, ಅದನ್ನು ಸದ್ಯಕ್ಕೆ ಬದಿಗಿಡಿ. ಲೆಕ್ಕದ ದಿಕ್ಕು ಅದರಿಂದ ಬದಲಾಗಲ್ಲ.

ಅಂದರೆ ನಿಮ್ಮ ಕೈಯಲ್ಲಿರುವುದು 30% ಲೋಹದ ಕ್ಯಾಟಲಿಸ್ಟ್ ಅಲ್ಲ, 41-42%ದು. ಪ್ಲಾಟಿನಂ ಒಂದೇ 27.4%. ಎಲೆಕ್ಟ್ರೋಡ್ ಮೇಲೆ ಚದರ ಸೆಂ.ಮೀ.ಗೆ 20 ಮೈಕ್ರೋಗ್ರಾಂ ಪ್ಲಾಟಿನಂ ಅಂದುಕೊಂಡು ಸುಮಾರು 28 ಹಾಕಿದ್ದೀರಿ. ಹಾಗಾಗಿ ನಿಜವಾದ ಮಾಸ್ ಆಕ್ಟಿವಿಟಿ (ಪ್ಲಾಟಿನಂ ಗ್ರಾಂಗೆ ಸಿಗುವ ಕರೆಂಟ್) 210 ಕೂಡ ಅಲ್ಲ, 153. ಬೇಜಾರಿನ ಸುದ್ದಿ, ಆದರೆ ಎರಡು ಕ್ಯಾಟಲಿಸ್ಟ್‌ಗಳನ್ನು ಹೋಲಿಸುವಾಗ ಎರಡರ ಲೋಹದ ಪ್ರಮಾಣವೂ ಅಳೆದದ್ದಾಗಿರಬೇಕು, ಒಂದು ಅಳೆದದ್ದು ಇನ್ನೊಂದು ಹಾಕಿದ್ದು ಆಗಬಾರದು. ಸಾಧ್ಯವಿದ್ದರೆ ಐಸಿಪಿ (ಯಾವ ಲೋಹ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಮಾಡಿಸಿ. ಬೆಂಗಳೂರಿನ ಸುತ್ತಮುತ್ತ ಇದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ ಮೈಕ್ರೋ-ನ್ಯಾನೋ ಕ್ಯಾರೆಕ್ಟರೈಸೇಶನ್ ಕೇಂದ್ರ ಹೊರಗಿನವರ ಸ್ಯಾಂಪಲ್‌ಗಳನ್ನೂ ಶುಲ್ಕಕ್ಕೆ ತೆಗೆದುಕೊಳ್ಳುತ್ತೆ; ಎಕ್ಸ್‌ಪಿಎಸ್, ಟಿಇಎಂ ತರಹದ್ದಕ್ಕೆ ವಿಚಾರಿಸಿ.

ಮುಂದಿನ ಬ್ಯಾಚ್‌ಗೆ ಮೊದಲು ಲೋಹವಿಲ್ಲದೆ ಬರೀ ಗ್ರಾಫೀನ್ ಆಕ್ಸೈಡನ್ನು ಅದೇ ಗ್ಲೈಕಾಲ್, ಅದೇ ಪಿಎಚ್, ಅದೇ 3 ಗಂಟೆ ಕಾಯಿಸಿ ಎಷ್ಟು ಉಳಿಯುತ್ತೆ ತೂಗಿ. 61% ಬಂದರೆ 70 ಮಿ.ಗ್ರಾಂ ಕಾರ್ಬನ್‌ಗೆ 115 ಮಿ.ಗ್ರಾಂ ಗ್ರಾಫೀನ್ ಆಕ್ಸೈಡ್ ಬೇಕು. ಅದೇ ಖಾಲಿ ಸ್ಯಾಂಪಲ್ಲನ್ನು ಗಾಳಿಯಲ್ಲಿ ಸುಟ್ಟು ನೋಡಿ. 1%ಗಿಂತ ಹೆಚ್ಚು ಬೂದಿ ಉಳಿದರೆ ಆಗ ಮ್ಯಾಂಗನೀಸ್ ಬಗ್ಗೆ ತಲೆ ಕೆಡಿಸಿಕೊಳ್ಳಿ. ಟಿಜಿಎಯನ್ನು 700 ಡಿಗ್ರಿಗೇ ನಿಲ್ಲಿಸಿದ್ದು ಒಳ್ಳೆಯದಾಯಿತು. ತುಂಬಾ ಮೇಲೆ ಹೋದರೆ ರುಥೇನಿಯಂ ಆಕ್ಸೈಡ್ ಆವಿಯಾಗಿ ಹೋಗುತ್ತೆ, ಆ ಆವಿ ವಿಷ ಕೂಡ.


ಪಾಲಿಯಾಲ್ ಉತ್ತರಿಸಿದ್ದು:

ತಕ್ಕಡಿಯವರು ತೂಕ ಹೇಳಿದ್ದಾರೆ, ನಾನು ಪಾತ್ರೆಯೊಳಗಿನದ್ದು ಹೇಳುತ್ತೇನೆ.

ಎಕ್ಸ್‌ಆರ್‌ಡಿ 3 ನ್ಯಾನೋಮೀಟರ್, ಟಿಇಎಂ 15-20 ಎಂದರೆ ಕಣಗಳು ಬೆಳೆದಿಲ್ಲ, ಗುಂಪುಗೂಡಿವೆ. ಅಂದರೆ ರಿಡಕ್ಷನ್ ಸರಿಯಾಗಿದೆ, ಕೂರಿಸುವ ಹಂತ ಕೆಟ್ಟಿದೆ. ಪಿಎಚ್ 11ರಲ್ಲಿ ಕಣಗಳ ಸುತ್ತ ಗ್ಲೈಕೋಲೇಟ್ ಅಯಾನುಗಳು ಕಟ್ಟಿಕೊಂಡು ಅವಕ್ಕೆ ಋಣ ವಿದ್ಯುದಂಶ ಬರುತ್ತೆ. ಕಣ ಚಿಕ್ಕದಾಗಿ ಉಳಿಯುವುದೇ ಅದರಿಂದ. ಆದರೆ ಅದೇ ಪಿಎಚ್‌ನಲ್ಲಿ ಗ್ರಾಫೀನ್ ಹಾಳೆಯೂ ಋಣವೇ. ಎರಡೂ ಒಂದನ್ನೊಂದು ದೂಡುತ್ತವೆ. ಹಾಳೆ ಸಿಗದ ಕಣಗಳು ದ್ರವದಲ್ಲೇ ಉಳಿದವು, ಅದೇ ನಿಮ್ಮ ಕಂದು ಬಣ್ಣ. ಮಿಕ್ಕವು ಸೋಸುವಾಗ, ಒಣಗುವಾಗ ಅಂಚುಗಳಲ್ಲಿ ಮುದ್ದೆಯಾದವು.

ಇದಕ್ಕೆ ಮದ್ದು ಸುಲಭ: ಕೋಣೆಯ ತಾಪಕ್ಕೆ ಇಳಿದ ಮೇಲೆ, ಕಲಕುತ್ತಾ, 1 ಮೋಲಾರ್ ನೈಟ್ರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಪಿಎಚ್ 3ಕ್ಕೆ ಇಳಿಸಿ. ಇನ್ನೂ 12 ಗಂಟೆ ಕಲಕಲು ಬಿಡಿ. ಗ್ಲೈಕೋಲೇಟ್ ಕಳಚಿಕೊಂಡು ಕಣಗಳು ಹಾಳೆ ಮೇಲೆ ಕೂರುತ್ತವೆ. ಆಮ್ಲವನ್ನು ಗಬಕ್ಕನೆ ಸುರಿಯಬೇಡಿ, ಹಾಗೆ ಮಾಡಿದರೆ ಕಣಗಳು ಹಾಳೆಗಿಂತ ಮೊದಲು ಪರಸ್ಪರ ಅಂಟಿಕೊಳ್ಳುತ್ತವೆ. ಸೋಸಿದ ದ್ರವ ನೀರಿನ ಹಾಗೆ ತಿಳಿಯಾಗಿರಬೇಕು. ತಿಳಿಯಾಗಿದ್ದರೂ ಒಂದು ಚಮಚದಷ್ಟಕ್ಕೆ ಚಿಟಿಕೆ ಸೋಡಿಯಂ ಬೋರೋಹೈಡ್ರೈಡ್ ಹಾಕಿ ನೋಡಿ: ಕಪ್ಪಾದರೆ ರಿಡ್ಯೂಸ್ ಆಗದ ಲೋಹ ಅಲ್ಲಿದೆ ಅಂತ ಅರ್ಥ. ಆಮೇಲೆ ಬಿಸಿನೀರಿನಲ್ಲಿ, ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಬಿಳಿ ಮಬ್ಬು ಬಾರದವರೆಗೆ ತೊಳೆಯಿರಿ. ಕ್ಲೋರೈಡ್ ಪ್ಲಾಟಿನಂಗೆ ಅಂಟಿದರೆ ಸುಮ್ಮನೆ ಜಾಗ ಹಿಡಿದು ಕೂರುತ್ತೆ. ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಬದಲು ನೈಟ್ರಿಕ್ ಅಂದದ್ದೂ ಇದಕ್ಕೇ.

ಇನ್ನು 26 ಡಿಗ್ರಿಯ ಶಿಖರ. ಚೆನ್ನಾಗಿ ಬಿಡಿಯಾದ ರೆಡ್ಯೂಸ್ಡ್ ಗ್ರಾಫೀನ್ ಆಕ್ಸೈಡ್ 24-25ರ ಹತ್ತಿರ ಅಗಲವಾದ ದಿಬ್ಬ ತೋರಿಸಬೇಕು. 26ರಲ್ಲಿ ಚೂಪಾದರೆ ಹಾಳೆಗಳು ಮತ್ತೆ ಗ್ರಾಫೈಟ್‌ನಂತೆ ಜೋಡಿಸಿಕೊಂಡಿವೆ, ಅಥವಾ ಆಕ್ಸಿಡೈಸ್ ಆಗದ ಗ್ರಾಫೈಟ್ ಉಳಿದಿದೆ. ಒಣಗಿಸಿದ ಗ್ರಾಫೀನ್ ಆಕ್ಸೈಡ್‌ನ ಎಕ್ಸ್‌ಆರ್‌ಡಿಯಲ್ಲಿ 10-11 ಡಿಗ್ರಿ ಶಿಖರ ಮಾತ್ರ ಇದ್ದರೆ ಎರಡನೆಯದನ್ನು ಬಿಡಬಹುದು. ನನ್ನ ಪ್ರಕಾರ ತಪ್ಪು ಓವನ್‌ನದ್ದು. ಹಸಿ ಹಪ್ಪಳ ಒಂದರ ಮೇಲೊಂದು ಒಟ್ಟಿ ಬಿಸಿಲಿಗಿಟ್ಟರೆ ಏನಾಗುತ್ತೆ? ನೀರು ಹೊರಗೆ ಹೋಗುವಾಗ ಹಾಳೆಗಳನ್ನು ಎಳೆದು ಅಂಟಿಸಿಬಿಡುತ್ತೆ. ಒಮ್ಮೆ ಅಂಟಿದರೆ ಒರಳಿನಲ್ಲಿ ಎಷ್ಟು ಅರೆದರೂ ಬಿಡಲ್ಲ. ಗ್ರಾಂಗೆ 2630 ಚದರ ಮೀಟರ್ ಅನ್ನುವ ಸಿದ್ಧಾಂತದ ಅಂಕಿ ಒಂಟಿ ಹಾಳೆಯದು, ಕಟ್ಟಿನದಲ್ಲ. ತೊಳೆದ ಮೇಲೆ ಕೊನೆಯಲ್ಲಿ ಬರೀ ನೀರಿನಲ್ಲಿ ಚದುರಿಸಿ ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಫ್ರೀಜ್ ಡ್ರೈ ಮಾಡಿ. ಗ್ಲೈಕಾಲ್ ಉಳಿದಿದ್ದರೆ ಹೆಪ್ಪುಗಟ್ಟದೆ ಜಿಗುಟಾಗಿ ಕೂರುತ್ತೆ, ಆದ್ದರಿಂದ ತೊಳೆಯುವುದರಲ್ಲಿ ಜಿಪುಣತನ ಬೇಡ. ಆರಂಭದಲ್ಲೂ ಗ್ರಾಫೀನ್ ಆಕ್ಸೈಡನ್ನು ಒಣಗಿಸಿ ಪುಡಿ ಮಾಡುವ ಅಗತ್ಯವಿಲ್ಲ: ತೊಳೆದ ಹಸಿ ಲೇಪವನ್ನೇ ಬಳಸಿ, ಸ್ವಲ್ಪ ಭಾಗ ಒಣಗಿಸಿ ಮಿ.ಲೀ.ಗೆ ಎಷ್ಟು ಮಿ.ಗ್ರಾಂ ಇದೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಇನ್ನೊಂದು, ಆಕ್ಸಿಡೇಶನ್ ಮಾಡುವಾಗ ಪರ್ಮಾಂಗನೇಟನ್ನು ಐಸ್ ಮೇಲೆ, ಸ್ವಲ್ಪ ಸ್ವಲ್ಪವಾಗಿ ಹಾಕಿ, 50 ಡಿಗ್ರಿ ದಾಟಲು ಬಿಡಬೇಡಿ. ಗಟ್ಟಿ ಸಲ್ಫ್ಯೂರಿಕ್ ಆಮ್ಲದಲ್ಲಿ ಹುಟ್ಟುವ ಮ್ಯಾಂಗನೀಸ್ ಹೆಪ್ಟಾಕ್ಸೈಡ್ 55 ಡಿಗ್ರಿ ಮೇಲೆ ಸ್ಫೋಟಿಸಬಲ್ಲದು.


ಮೂರನೇ ಎಲೆಕ್ಟ್ರೋಡ್ ಉತ್ತರಿಸಿದ್ದು:

ಕ್ಯಾಟಲಿಸ್ಟ್ ಎಷ್ಟು ಕೆಟ್ಟಿದೆಯೋ ಅಳತೆಯೂ ಅಷ್ಟೇ ಕೆಟ್ಟಿದೆ.

0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ನಿಮ್ಮ ರೆಫರೆನ್ಸ್‌ನ ಓದಿಗೆ ಸುಮಾರು 0.21 ಕೂಡಿಸಿದರೆ ರಿವರ್ಸಿಬಲ್ ಹೈಡ್ರೋಜನ್ ಮಾಪಕದಲ್ಲಿ ಬರುತ್ತೆ. ನೀವು 1.0 ವೋಲ್ಟ್‌ವರೆಗೆ ಹೋಗಿದ್ದೀರಿ, ಅಂದರೆ ನಿಜಕ್ಕೂ 1.2. ಅಲ್ಲಿ ರುಥೇನಿಯಂ ಕರಗುತ್ತೆ. 50 ಸುತ್ತಿನ ‘ಆಕ್ಟಿವೇಶನ್’ ಅಂದದ್ದು ರುಥೇನಿಯಂ ತೊಳೆದುಹಾಕುವ ಕೆಲಸವಾಯಿತು. ಪ್ಲಾಟಿನಂ ಜೊತೆ ಬೆರೆಯದೆ ಬಿಡಿಯಾಗಿ ಕೂತಿರುವ ರುಥೇನಿಯಂ ಮೊದಲು ಹೋಗುತ್ತೆ. ಪಾಲಿಯಾಲ್ ವಿಧಾನದಿಂದ (ಗ್ಲೈಕಾಲ್‌ನಲ್ಲಿ ಕಾಯಿಸುವುದು) ಬಂದ ಹೊಸ ಕ್ಯಾಟಲಿಸ್ಟ್‌ನಲ್ಲಿ ಅಂಥದ್ದು ಹೆಚ್ಚು. ಪ್ಲಾಟಿನಂ-ರುಥೇನಿಯಂಗೆ ಮೇಲಿನ ಮಿತಿ 0.9 ವೋಲ್ಟ್, ಅದೂ ಹೈಡ್ರೋಜನ್ ಮಾಪಕದಲ್ಲಿ. ಕ್ಲೋರೈಡ್ ಸೋರುವ ರೆಫರೆನ್ಸ್ ಬದಲು ಮರ್ಕ್ಯುರಿ-ಮರ್ಕ್ಯುರಸ್ ಸಲ್ಫೇಟ್ ಬಳಸಿ.

ಹೈಡ್ರೋಜನ್ ಪ್ರದೇಶದ ವಿದ್ಯುದಂಶವನ್ನು ಚದರ ಸೆಂ.ಮೀ.ಗೆ 210 ಮೈಕ್ರೋಕೂಲಂಬ್‌ನಿಂದ ಭಾಗಿಸುವುದು ಶುದ್ಧ ಪ್ಲಾಟಿನಂಗೆ ಸರಿ. ರುಥೇನಿಯಂ ಇದ್ದಾಗ ಅದರ ಆಕ್ಸೈಡ್‌ನ ಕೆಪಾಸಿಟಿವ್ ಕರೆಂಟ್ ಅದೇ ಜಾಗದಲ್ಲಿ ಬೆರೆಯುತ್ತೆ, ಗ್ರಾಫೀನ್‌ನದ್ದೂ ಸೇರುತ್ತೆ. ಆ 31 ಅನ್ನು ಮರೆತುಬಿಡಿ. ಕಾರ್ಬನ್ ಮಾನಾಕ್ಸೈಡ್ ಸ್ಟ್ರಿಪ್ಪಿಂಗ್ (ಮೇಲ್ಮೈಗೆ ಅಂಟಿಸಿದ ಅನಿಲವನ್ನು ಆಕ್ಸಿಡೈಸ್ ಮಾಡಿ ವಿದ್ಯುದಂಶ ಅಳೆಯುವುದು) ಮಾಡಿ: 0.1 ವೋಲ್ಟ್‌ನಲ್ಲಿ (ಇಲ್ಲಿಂದ ಮುಂದೆ ಎಲ್ಲ ಹೈಡ್ರೋಜನ್ ಮಾಪಕದಲ್ಲೇ) ಹಿಡಿದು 15 ನಿಮಿಷ ಕಾರ್ಬನ್ ಮಾನಾಕ್ಸೈಡ್, ಅದೇ ವೋಲ್ಟ್‌ನಲ್ಲಿ 30 ನಿಮಿಷ ನೈಟ್ರೋಜನ್, ಆಮೇಲೆ ಸೆಕೆಂಡಿಗೆ 20 ಮಿಲಿವೋಲ್ಟ್. ಮೊದಲ ಸುತ್ತಿನಿಂದ ಎರಡನೆಯದನ್ನು ಕಳೆದು, ಉಳಿದ ವಿದ್ಯುದಂಶವನ್ನು 420ರಿಂದ ಭಾಗಿಸಿ. ಫ್ಯೂಮ್ ಹುಡ್, ಗ್ಯಾಸ್ ಅಲಾರಂ ಎರಡೂ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಈ ಅನಿಲಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಶಿಖರದ ಜಾಗವೂ ಮಾತಾಡುತ್ತೆ: ಒಳ್ಳೆಯ ಪ್ಲಾಟಿನಂ-ರುಥೇನಿಯಂನಲ್ಲಿ 0.5-0.6 ವೋಲ್ಟ್, ಬರೀ ಪ್ಲಾಟಿನಂನಲ್ಲಿ 0.7-0.8. ಎರಡು ಶಿಖರ ಕಂಡರೆ ರುಥೇನಿಯಂ ಎಲ್ಲೆಡೆ ಸಮನಾಗಿ ಹರಡಿಲ್ಲ.

3 ನ್ಯಾನೋಮೀಟರ್ ಪ್ಲಾಟಿನಂ ಗೋಳಗಳಿಗೆ ಜ್ಯಾಮಿತಿಯ ಲೆಕ್ಕದಲ್ಲೇ ಗ್ರಾಂಗೆ 93 ಚದರ ಮೀಟರ್ ಮೇಲ್ಮೈ ಇದೆ. ಸ್ಟ್ರಿಪ್ಪಿಂಗ್‌ನಲ್ಲಿ ಅದರ ಅರ್ಧವೂ ಬಾರದಿದ್ದರೆ ಉಳಿದದ್ದು ಗುಂಪುಗಳ ಒಳಗೋ ಹಾಳೆಗಳ ನಡುವೆಯೋ ಹೂತುಹೋಗಿದೆ ಅಂತ ಲೆಕ್ಕ.

ಮುಂದಿನ-ಹಿಂದಿನ ಶಿಖರಗಳ ಅನುಪಾತವಂತೂ ಪ್ರತಿ ಎರಡನೇ ಪ್ರಬಂಧದಲ್ಲಿ ಕಾಣುವ ಅಪಶಕುನ. ಹಿಂದಕ್ಕೆ ಬರುವಾಗಿನ ಶಿಖರ ಕಾರ್ಬನ್ ಮಾನಾಕ್ಸೈಡ್ ಸುಡುವುದರಿಂದ ಬರುತ್ತೆ ಅನ್ನುವುದು ಹಳೆಯ ನಂಬಿಕೆ. ಪ್ಲಾಟಿನಂ ಆಕ್ಸೈಡ್ ಕಳಚಿ ಹೊಸದಾಗಿ ತೆರೆದ ಮೇಲ್ಮೈ ಮೇಲೆ ತಾಜಾ ಮೆಥನಾಲ್ ಆಕ್ಸಿಡೈಸ್ ಆಗುವುದೇ ಆ ಶಿಖರ ಅಂತ 2012-13ರ ಹೊತ್ತಿಗೇ ತೋರಿಸಿದ್ದಾರೆ. ಎರಡು ಶಿಖರಗಳಿಗೂ ಮೂಲ ಒಂದೇ ಕ್ರಿಯೆ. ಮೇಲಿನ ಮಿತಿಯನ್ನು 100 ಮಿಲಿವೋಲ್ಟ್ ಬದಲಿಸಿ ನೋಡಿ, ಕ್ಯಾಟಲಿಸ್ಟ್ ಅದೇ ಇದ್ದರೂ ಅನುಪಾತ ಬದಲಾಗುತ್ತೆ. ಹಾಗಾಗಿ ನಿಮ್ಮ 1.4ಕ್ಕೂ ವಿಷ ತಡೆಯುವ ಶಕ್ತಿಗೂ ಸಂಬಂಧವಿಲ್ಲ, ಗೊಂದಲ ಅಲ್ಲಿಗೆ ಮುಗಿಯಿತು.

ಶಿಖರ ಕರೆಂಟ್ ಕೂಡ ಕೋಶದ ಮಟ್ಟಿಗೆ ಹೆಚ್ಚು ಹೇಳಲ್ಲ. ಅದು ಬರುವುದು 0.8-0.9 ವೋಲ್ಟ್‌ನಲ್ಲಿ, ಕೆಲಸ ಮಾಡುವ ಆನೋಡ್ ಇರುವುದು 0.3-0.5ರಲ್ಲಿ. 0.5 ವೋಲ್ಟ್‌ನಲ್ಲಿ ಒಂದು ಗಂಟೆ ಹಿಡಿದು ಕೊನೆಗೆ ಉಳಿಯುವ ಕರೆಂಟನ್ನು ಅಂಗಡಿಯದರ ಜೊತೆ ಹೋಲಿಸಿ. ಅಲ್ಲಿ ಗೆದ್ದರೆ ಗೆದ್ದ ಹಾಗೆ.

ಇಂಕ್ ಮಾಡುವಾಗ ಒಣ ಪುಡಿಗೆ ಮೊದಲು ನೀರು, ಪೂರ್ತಿ ನೆನೆದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್. ಕ್ರಮ ತಿರುವುಮುರುವಾದರೆ ಪ್ಲಾಟಿನಂ ಮೇಲೆ ಆಲ್ಕೊಹಾಲ್ ಆವಿ ಹೊತ್ತಿಕೊಳ್ಳುತ್ತೆ.


ಇಂಗಾಲದ ಹಾಳೆ:

ಎಲ್ಲರಿಗೂ ಧನ್ಯವಾದ. 115 ಮಿ.ಗ್ರಾಂ ಮತ್ತು ಪಿಎಚ್ 3ರೊಂದಿಗೆ ಮತ್ತೆ ಮಾಡುತ್ತೇನೆ. ಒಂದು ವಿಷಯ ಹೇಳುವುದು ಬಿಟ್ಟಿತ್ತು. ಹಳೆಯ ಬ್ಯಾಚನ್ನೇ 5 ಚದರ ಸೆಂ.ಮೀ ಕೋಶದಲ್ಲಿ ಹಾಕಿದಾಗ (ನಾಫಿಯಾನ್ 117 ಮೆಂಬ್ರೇನ್, ಆನೋಡ್‌ನಲ್ಲಿ ಚದರ ಸೆಂ.ಮೀ.ಗೆ 2 ಮಿ.ಗ್ರಾಂ ಲೋಹ, 60 ಡಿಗ್ರಿ, 1 ಮೋಲಾರ್ ಮೆಥನಾಲ್ ನಿಮಿಷಕ್ಕೆ 2 ಮಿ.ಲೀ, ಕ್ಯಾಥೋಡ್‌ಗೆ ಆಮ್ಲಜನಕ) ಚದರ ಸೆಂ.ಮೀ.ಗೆ 60 ಮಿಲಿಆಂಪಿಯರ್ ದಾಟಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಮೆಥನಾಲ್ ಸಾಲುತ್ತಿಲ್ಲವೇ? ಮತ್ತೆ, ಹಾಳೆಗಳ ನಡುವೆ ವಲ್ಕನ್ ಸೇರಿಸುವುದಾದರೆ ಲೋಹ ಕೂರಿಸುವ ಮೊದಲೋ, ಆಮೇಲೋ?


ಹಾಟ್ ಪ್ರೆಸ್ ಉತ್ತರಿಸಿದ್ದು:

ಮೆಥನಾಲ್ ಬೇಕಾದ್ದಕ್ಕಿಂತ ಬಹಳ ಹೆಚ್ಚಿದೆ. ನಿಮಿಷಕ್ಕೆ 2 ಮಿಲಿಮೋಲ್, ಅಣುವಿಗೆ ಆರು ಎಲೆಕ್ಟ್ರಾನ್, ಅಂದರೆ 19 ಆಂಪಿಯರ್‌ಗೆ ಸಾಕಾಗುವಷ್ಟು. ನೀವು ಎಳೆಯುತ್ತಿರುವುದು 0.3 ಆಂಪಿಯರ್. ಪೈಪ್‌ನಲ್ಲಿ ಕೊರತೆ ಇಲ್ಲ, ಪದರದೊಳಗೆ ಇದೆ. ಅದೇ 0.3 ಆಂಪಿಯರ್‌ಗೆ ನಿಮಿಷಕ್ಕೆ 0.85 ಮಿ.ಲೀ.ನಷ್ಟು ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತೆ, ಅದಕ್ಕೂ ಹೊರಬರಲು ದಾರಿ ಬೇಕು.

ಗ್ರಾಫೀನ್ ಇಂಕ್ ಒಣಗುವಾಗ ಹಾಳೆಗಳು ಮೆಂಬ್ರೇನ್‌ಗೆ ಸಮಾನಾಂತರವಾಗಿ, ಮನೆಯ ಹೆಂಚು ಹೊದಿಸಿದ ಹಾಗೆ ಮಲಗುತ್ತವೆ. ಹೆಂಚು ಮಳೆನೀರನ್ನು ತಡೆಯುವ ಹಾಗೆ ಅವು ಮೆಥನಾಲನ್ನು ತಡೆಯುತ್ತವೆ, ಕೆಳಗಿನಿಂದ ಬರುವ ಗುಳ್ಳೆಯನ್ನೂ ತಡೆಯುತ್ತವೆ. ಗ್ಲಾಸಿ ಕಾರ್ಬನ್ ಮೇಲಿನ ತೆಳು ಪದರದಲ್ಲಿ ಇದು ಅಷ್ಟಾಗಿ ಗೊತ್ತಾಗಲ್ಲ, ಕೋಶದ ದಪ್ಪ ಪದರದಲ್ಲಿ ಕೊಲ್ಲುತ್ತೆ. ಖಚಿತಪಡಿಸಿಕೊಳ್ಳಲು ಕ್ಯಾಥೋಡ್‌ಗೆ ಆಮ್ಲಜನಕದ ಬದಲು ಹೈಡ್ರೋಜನ್ ಬಿಟ್ಟು ಅದನ್ನೇ ರೆಫರೆನ್ಸ್ ಮಾಡಿಕೊಂಡು ಆನೋಡ್ ಒಂದನ್ನೇ ಅಳೆಯಿರಿ. ಅಲ್ಲೂ ಕುಸಿದರೆ ಕ್ಯಾಥೋಡ್‌ಗೆ ನೀರು ತುಂಬಿದ್ದಲ್ಲ, ಆನೋಡ್‌ನದೇ ತಪ್ಪು.

ನನಗೆ ಕಾಣುವ ಮೂಲ ತಪ್ಪು ಬೇರೆ. ನೀವು ಗುರಿ ಇಟ್ಟ 30% ಲೋಹದ ಕ್ಯಾಟಲಿಸ್ಟ್ ಮೆಥನಾಲ್ ಆನೋಡ್‌ಗೆ ತೆಳುವಾದ ಸಾರು. 2 ಮಿ.ಗ್ರಾಂ ಲೋಹಕ್ಕೆ 4.7 ಮಿ.ಗ್ರಾಂ ಕಾರ್ಬನ್ ಹೊರಬೇಕು. 60% ಆದರೆ ಕಾರ್ಬನ್ 1.3 ಮಿ.ಗ್ರಾಂ ಮಾತ್ರ, ಪದರ ಮೂರೂವರೆ ಪಟ್ಟು ತೆಳ್ಳಗಾಗುತ್ತೆ. ವಲ್ಕನ್‌ನ ಮೇಲ್ಮೈ ಗ್ರಾಂಗೆ ಸುಮಾರು 250 ಚದರ ಮೀಟರ್. 60% ಹೊರಿಸಿದರೆ ಅದರಲ್ಲಿ ಕಣಗಳು ಒತ್ತೊತ್ತಾಗುತ್ತವೆ. ಗ್ರಾಫೀನ್ ನಿಜಕ್ಕೂ ಗೆಲ್ಲಬಹುದಾದ ಜಾಗ ಇದೇ. 20% ಪ್ಲಾಟಿನಂನಲ್ಲಿ ವಲ್ಕನ್ ಜೊತೆ ಸ್ಪರ್ಧೆಗಿಳಿಯುವುದರಲ್ಲಿ ಅರ್ಥವಿಲ್ಲ, ಅಲ್ಲಿ ವಲ್ಕನ್‌ಗೆ ಜಾಗದ ಕೊರತೆಯೇ ಇಲ್ಲ.

100 ಮಿ.ಗ್ರಾಂ ಬ್ಯಾಚ್‌ಗೆ: ಕ್ಲೋರೋಪ್ಲಾಟಿನಿಕ್ ಆಮ್ಲ 105 ಮಿ.ಗ್ರಾಂ, ರುಥೇನಿಯಂ ಕ್ಲೋರೈಡ್ 53 ಮಿ.ಗ್ರಾಂ, ಗ್ರಾಫೀನ್ ಆಕ್ಸೈಡ್ 46 ಮಿ.ಗ್ರಾಂ (ನಿಮ್ಮ 61% ಲೆಕ್ಕದಲ್ಲಿ 28 ಉಳಿಯುತ್ತೆ), ವಲ್ಕನ್ 12 ಮಿ.ಗ್ರಾಂ. ವಲ್ಕನ್ ಸೇರಿಸುವುದು ಲೋಹ ಕೂರಿಸಿದ ಮೇಲೆ, ತೊಳೆದು ಹಸಿಯಾಗಿರುವಾಗಲೇ, ಫ್ರೀಜ್ ಡ್ರೈಗೆ ಮೊದಲು. ಚಪಾತಿಗಳ ನಡುವೆ ಒಣಹಿಟ್ಟು ಉದುರಿಸುವ ಕೆಲಸ ಅದರದ್ದು, ಲೋಹ ಹೊರುವುದಲ್ಲ. ಚದರ ಸೆಂ.ಮೀ.ಗೆ 2 ಮಿ.ಗ್ರಾಂ ಲೋಹದಂತೆ 5 ಚದರ ಸೆಂ.ಮೀ.ಗೆ 16.7 ಮಿ.ಗ್ರಾಂ ಸಾಕು, ಸ್ಪ್ರೇಯಲ್ಲಿ ಹಾಳಾಗುವುದಕ್ಕೆ 25-30 ತೂಗಿಕೊಳ್ಳಿ. ಕಾರ್ಬನ್ ಪೇಪರನ್ನು 80 ಡಿಗ್ರಿ ತಟ್ಟೆ ಮೇಲಿಟ್ಟು ತೆಳುತೆಳುವಾಗಿ ಹಲವು ಕೋಟ್ ಹೊಡೆಯಿರಿ; ಪ್ರತಿ ಕೋಟ್ ಬಿದ್ದ ಕೂಡಲೇ ಒಣಗಿದರೆ ಹಾಳೆಗಳಿಗೆ ಮಟ್ಟಸವಾಗಿ ಮಲಗಲು ಸಮಯ ಸಿಗಲ್ಲ. ಆಮೇಲೆ 130 ಡಿಗ್ರಿಯಲ್ಲಿ 3 ನಿಮಿಷ ಪ್ರೆಸ್. ಒತ್ತಡ ಜಾಸ್ತಿ ಮಾಡಿದರೆ ಮತ್ತೆ ಹೆಂಚೇ.


ಪಾಲಿಯಾಲ್:

ವಲ್ಕನ್ ಆಮೇಲೆ ಅನ್ನುವುದನ್ನು ನಾನು ಪೂರ್ತಿ ಒಪ್ಪಲ್ಲ. 160 ಡಿಗ್ರಿಯಲ್ಲಿ ಗ್ರಾಫೀನ್ ಆಕ್ಸೈಡ್ ರಿಡ್ಯೂಸ್ ಆಗುವಾಗಲೇ ಹಾಳೆಗಳು ಗ್ಲೈಕಾಲ್‌ನಲ್ಲಿ ಅಂಟಿಕೊಳ್ಳಲು ಶುರು ಮಾಡುತ್ತವೆ. ಒಣಗುವವರೆಗೆ ಕಾದರೆ ತಡವಾಗಿರುತ್ತೆ. 12ರಲ್ಲಿ ಅರ್ಧ ಮೊದಲು, ಅರ್ಧ ಆಮೇಲೆ ಹಾಕಿ ನೋಡಬಹುದು. ಮೊದಲು ಹಾಕಿದ್ದರ ಮೇಲೂ ಒಂದಷ್ಟು ಲೋಹ ಕೂರುತ್ತೆ, ಕೂರಲಿ ಬಿಡಿ.


ಮೂರನೇ ಎಲೆಕ್ಟ್ರೋಡ್:

ಕೋಶಕ್ಕೆ ಹಾಕುವ ಮೊದಲು ಹೊಸ ಪುಡಿಯನ್ನು 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಕಲಕಿ, ತೊಳೆದು ಬಳಸಿ. ಸಡಿಲವಾಗಿ ಕೂತ ರುಥೇನಿಯಂ ಅಲ್ಲೇ ಹೋಗಲಿ. ಇಲ್ಲದಿದ್ದರೆ ಅದು ಕರಗಿ ನಾಫಿಯಾನ್ ದಾಟಿ ಕ್ಯಾಥೋಡ್‌ನ ಪ್ಲಾಟಿನಂ ಮೇಲೆ ಕೂರುತ್ತೆ, ಆಮ್ಲಜನಕದ ರಿಡಕ್ಷನ್ ಕುಂಟುತ್ತೆ. ಲಾಸ್ ಅಲಾಮೋಸ್‌ನವರು 2004ರಲ್ಲೇ ಇದನ್ನು ತೋರಿಸಿದ್ದಾರೆ. ಆದರೆ ಇದೇ ಭಯಕ್ಕೆ ಹೈಡ್ರೋಜನ್ ಫರ್ನೇಸ್‌ನಲ್ಲಿ ಕಾಯಿಸಿ ಎಲ್ಲ ರುಥೇನಿಯಂ ಅನ್ನೂ ಅಲಾಯ್ ಮಾಡಲು ಹೋಗಬೇಡಿ. ನೀರು ಹಿಡಿದ ರುಥೇನಿಯಂ ಆಕ್ಸೈಡ್ ಪ್ರೋಟಾನ್, ಎಲೆಕ್ಟ್ರಾನ್ ಎರಡನ್ನೂ ಸಾಗಿಸುತ್ತೆ, ಅದು ಸ್ವಲ್ಪ ಇದ್ದರೇ ಒಳ್ಳೆಯದು. ತೊಳೆದ ನೀರಿನ ಐಸಿಪಿ ಮಾಡಿಸಿದರೆ ಎಷ್ಟು ಹೋಯಿತು ಗೊತ್ತಾಗುತ್ತೆ, ಇಂಕ್ ಲೆಕ್ಕವನ್ನು ಆ ಅಂಕಿಯಿಂದ ಮತ್ತೆ ಹಾಕಿ.